ನಡೆದು ಹೋದ ಹುಡುಗ, ಮರಳಿ ಬಂದ ಮೇಷ್ಟ್ರು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ‘ಶಿಕ್ಷಕ ಮತ್ತು ವಿದ್ಯಾರ್ಥಿಯ ಬೆಳವಣಿಗೆ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಭಾಷಣ ಮಾಡಿ ಅಭ್ಯಾಸವಿಲ್ಲ. ಶಿಕ್ಷಣದ ಬಗ್ಗೆ ದೊಡ್ಡ ಮಾತು ಆಡುವ ಅರ್ಹತೆಯೂ ನನಗಿಲ್ಲ. ಅದನ್ನು ಬಲ್ಲವರು ಇದೇ ವೇದಿಕೆಯ ಮೇಲೆ ಕುಳಿತಿದ್ದಾರೆ. ಆದ್ದರಿಂದ ಒಬ್ಬರೇ ಒಬ್ಬ ಮೇಷ್ಟ್ರ ಕಥೆ ಹೇಳುತ್ತೇನೆ. ಅವರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಪಡೆದರು. ಆದರೂ ಕೊನೆಯವರೆಗೆ ಜನ ಅವರನ್ನು ಕರೆದದ್ದು ಮೇಷ್ಟ್ರು ಎಂದೇ. ಅವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರಿನವರಿಗೆ ಎಚ್ಚೆನ್.

ದೊಡ್ಡವರ ಹೆಸರುಗಳು ಬೇಕಾದಷ್ಟಿರುವಾಗ ಇವರೇ ಏಕೆ ಎಂದು ಕೇಳಬಹುದು. ಮೊದಲ ಕಾರಣ, ಅವರು ನಮ್ಮ ನೆರೆಯವರು. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು. ಅದಕ್ಕೆ ಅಂಟಿಕೊಂಡೇ ಪೂರ್ವಕ್ಕೆ ಗೌರಿಬಿದನೂರು ತಾಲ್ಲೂಕು ಇದೆ. ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿ ಕಡೆಗೆ ಹೋಗಿ ಸೇರುವುದು ಉತ್ತರ ಪಿನಾಕಿನಿಯನ್ನು. ಗೌರಿಬಿದನೂರಿನ ಪಕ್ಕದಲ್ಲಿ ಇರುವುದೂ ಅದೇ ಪಿನಾಕಿನಿ. ಆ ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ 1920ರ ಜೂನ್ 6ರಂದು ನರಸಿಂಹಯ್ಯನವರು ಹುಟ್ಟಿದರು. ನಮ್ಮದೇ ಬಗೆಯ ಮಣ್ಣು, ಅದೇ ರಾಗಿ, ಅದೇ ಕಡಲೆಕಾಯಿ, ಬಾರದ ಮಳೆಗೆ ಕಾಯುವ ಅದೇ ಜನ.

ಎರಡನೆಯ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನಮ್ಮ ಶಾಲೆಗೆ, ಈ ವರ್ಷದ ಸುವರ್ಣ ಮಹೋತ್ಸವ ನಿಧಿಗೆ ಸಂಬಂಧಪಟ್ಟದ್ದು.

ನರಸಿಂಹಯ್ಯನವರ ಮನೆಯಲ್ಲಿ ಬಡತನ. ಊರಿನ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದರು. ಮುಂದೆ ಓದಬೇಕೆಂದರೆ ಊರು ಬಿಡಬೇಕು. ಹೊಸೂರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂ.ಎಸ್. ನಾರಾಯಣರಾವ್ ಎಂಬುವರು ಆ ಹೊತ್ತಿಗೆ ಬೆಂಗಳೂರಿಗೆ ಹೋಗಿದ್ದರು. ಊರು ಬಿಟ್ಟು ಹೋದರೂ ಹಳ್ಳಿಯ ಈ ಹುಡುಗನನ್ನು ಅವರು ಮರೆಯಲಿಲ್ಲ. ಅವರ ಪ್ರೋತ್ಸಾಹ ನಂಬಿಕೊಂಡು 1935ರಲ್ಲಿ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ದುಡ್ಡಿರಲಿಲ್ಲ. ನಡೆದೇ ಹೊರಟ. ಸುಮಾರು 80 ಕಿಲೋಮೀಟರಿಗೂ ಹೆಚ್ಚಿನ ದಾರಿ, ಎರಡು ದಿನದ ನಡಿಗೆ. ಹೋಗಿ ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಊಟ, ವಸತಿ ಸಿಕ್ಕಿತು.

ಈ ನಡಿಗೆಯ ಕಥೆಯನ್ನು ಬಹಳ ಜನ ಹೇಳುತ್ತಾರೆ. ಹೇಳುವಾಗ ಹುಡುಗನ ಛಲವನ್ನು ಹೊಗಳುತ್ತಾರೆ. ಛಲ ಇತ್ತು, ನಿಜ. ಆದರೆ ನಾನು ಇನ್ನೊಂದು ಕಡೆ ನೋಡಿ ಎನ್ನುತ್ತೇನೆ. ಆ ದಾರಿಯ ಆ ತುದಿಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಒಂದು ಶಾಲೆ ಇತ್ತು. ಒಂದು ನಿಲಯದಲ್ಲಿ ತಟ್ಟೆ, ಚಾಪೆ ಇತ್ತು. ಈ ಮೂರೂ ಇಲ್ಲದಿದ್ದರೆ ಹುಡುಗ ನಡೆದದ್ದು ವ್ಯರ್ಥವಾಗುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಛಲವಿದ್ದ ಹುಡುಗರು ಎಷ್ಟೋ ಜನ ಇದ್ದಿರಬೇಕು. ದಾರಿಯ ತುದಿಯಲ್ಲಿ ಕಾಯುವವರು ಯಾರೂ ಇಲ್ಲದ್ದರಿಂದ ಅವರು ಊರಲ್ಲೇ ಉಳಿದರು. ಅವರ ಕಥೆಯನ್ನು ಯಾರೂ ಬರೆಯಲಿಲ್ಲ.

ಮರುವರ್ಷ, 1936ರಲ್ಲಿ, ಗಾಂಧೀಜಿ ಬೆಂಗಳೂರಿನ ಕಡೆ ಬಂದಾಗ ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರು ಹಿಂದಿಯಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ಹೇಳುವ ಕೆಲಸ ಬಿದ್ದದ್ದು ಈ ಹಳ್ಳಿಯ ಹುಡುಗನಿಗೆ. ಊರಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ, ವೇದಿಕೆಗೆ ಹತ್ತಿಸಿದರು. ಶಾಲೆಯೊಂದು ಮಕ್ಕಳನ್ನು ಹೇಗೆ ನಂಬಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಅಂದು ಹಿಡಿದ ಖಾದಿಯನ್ನು, ಗಾಂಧಿ ಟೋಪಿಯನ್ನು ಅವರು ಸಾಯುವವರೆಗೂ ಬಿಡಲಿಲ್ಲ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ನಡುವೆ 1942ರ ಚಳವಳಿ ಬಂತು. ಓದು ನಿಲ್ಲಿಸಿ ಜೈಲಿಗೆ ಹೋದರು; ಬೆಂಗಳೂರು, ಮೈಸೂರು ಅಲ್ಲದೆ ಪುಣೆಯ ಯರವಡಾ ಜೈಲನ್ನೂ ಕಂಡರು. ಹೊರಗೆ ಬಂದು ಎಂ.ಎಸ್ಸಿ. ಮುಗಿಸಿ 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅನ್ನ ಹಾಕಿ ಓದಿಸಿದ ಸಂಸ್ಥೆಗೇ ಮೇಷ್ಟ್ರಾಗಿ ಬಂದರು. ಹನ್ನೊಂದು ವರ್ಷದ ಹಿಂದೆ ಕಾಲಿನಲ್ಲಿ ಧೂಳು ಹೊತ್ತು ಬಂದವರು ಈಗ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತರು.

ಅಲ್ಲಿಂದ ಅಮೆರಿಕಕ್ಕೆ ಹೋಗಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಪಿಎಚ್‌.ಡಿ. ಪಡೆದರು. ಆಗ ಅವರಿಗೆ 40 ವರ್ಷ. ಗೆಳೆಯರೇ, ನಮ್ಮಲ್ಲಿ ಎಷ್ಟೋ ಜನ ಸಾಫ್ಟ್‌ವೇರ್‌ನಲ್ಲಿದ್ದೇವೆ, ಕೆಲವರು ವಿದೇಶದಲ್ಲಿಯೂ ಇದ್ದಾರೆ. ಆದ್ದರಿಂದ ಆ ಕಾಲ ಎಂಥದ್ದು ಎಂದು ಸ್ವಲ್ಪ ನೆನಪಿಸಿಕೊಳ್ಳಿ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತ್ತು. ಹಿಂದೆ ಬಿದ್ದೆವಲ್ಲ ಎಂಬ ಭಯದಲ್ಲಿ ಅಮೆರಿಕ ವಿಜ್ಞಾನಕ್ಕೆ, ವಿಶ್ವವಿದ್ಯಾಲಯಗಳಿಗೆ ಹಣ ಸುರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಅಂಥ ವಿಷಯದಲ್ಲಿ ಡಾಕ್ಟರೇಟ್ ಪಡೆದವರಿಗೆ ಅಲ್ಲಿ ಕೆಲಸಕ್ಕೆ ಏನು ಕೊರತೆ? ಅವರು ವಾಪಸ್ಸು ಬಂದರು. ಬಂದದ್ದು ಯಾವುದೋ ದೊಡ್ಡ ಸಂಶೋಧನಾಲಯಕ್ಕಲ್ಲ. ಅದೇ ನ್ಯಾಷನಲ್ ಕಾಲೇಜಿಗೆ, ಅದೇ ಪಿ.ಯು.ಸಿ., ಬಿ.ಎಸ್ಸಿ. ಮಕ್ಕಳ ಎದುರಿಗೆ.

ವಿದೇಶಕ್ಕೆ ಹೋದವರೆಲ್ಲ ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ಗೆಳೆಯರೇ ನನ್ನನ್ನು ಕೆಳಗೆ ಇಳಿಸುತ್ತಾರೆ. ಹೋಗಿ ಕಲಿತದ್ದನ್ನು ಯಾರಿಗೆ ಕೊಟ್ಟರು ಎನ್ನುವುದು ಪ್ರಶ್ನೆ. ಎಚ್ಚೆನ್ ಹೋಗಿದ್ದರಿಂದಲೇ ಅವರ ಮಕ್ಕಳಿಗೆ ಹೊರಗಿನ ಜಗತ್ತಿನ ಬಾಗಿಲು ತೆರೆಯಿತು. ಅಮೆರಿಕದ ಪ್ರಯೋಗಾಲಯ ಕಂಡವರು ಬಂದು ಪಾಠ ಮಾಡಿದರೆ ತರಗತಿಯ ಗಾಳಿಯೇ ಬೇರೆ.

ವಾಪಸ್ಸು ಬಂದ ಮೇಲೆ ಸುಮಾರು ಹನ್ನೆರಡು ವರ್ಷ ಅವರು ಆ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಈ ಅವಧಿಯಲ್ಲಿ ಅವರು ಮಾಡಿದ ಒಂದು ಕೆಲಸದ ಮೇಲೆ ನಾನು ಹೆಚ್ಚು ಮಾತಾಡಬೇಕು. 1962ರಲ್ಲಿ ‘ಬೆಂಗಳೂರು ಸೈನ್ಸ್ ಫೋರಂ’ ಎಂಬ ಸಂಘ ಆರಂಭವಾಯಿತು. ಅದು ಮಾಡಿದ್ದು ಬಹಳ ಸರಳವಾದ ಕೆಲಸ. ವಾರಕ್ಕೊಂದು ದಿನ, ಬುಧವಾರ ಸಂಜೆ, ಕಾಲೇಜಿನ ಸಭಾಂಗಣದಲ್ಲಿ ವಿಜ್ಞಾನದ ಒಂದು ಉಪನ್ಯಾಸ. ಟಿಕೆಟ್ಟಿಲ್ಲ. ಯಾರು ಬೇಕಾದರೂ ಬರಬಹುದು. ಕಾಲೇಜು ಹುಡುಗರು, ನಿವೃತ್ತರು, ಬ್ಯಾಂಕಿನವರು, ಹಾದಿಯಲ್ಲಿ ಹೋಗುವವರು ಬಂದು ಕೂರುತ್ತಿದ್ದರು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿದ್ದ ವಿಜ್ಞಾನಿಗಳನ್ನು ಕರೆತಂದು ಇವರ ಮುಂದೆ ನಿಲ್ಲಿಸುವುದು. ಕೊನೆಯಲ್ಲಿ ಪ್ರಶ್ನೆಗಳು. ಹೀಗೆ ದಶಕಗಟ್ಟಲೆ ನಡೆದು ಉಪನ್ಯಾಸಗಳ ಲೆಕ್ಕ ಸಾವಿರಗಳನ್ನು ದಾಟಿತು.

ಇದರಲ್ಲಿ ಖರ್ಚಿನ ಬಾಬತ್ತು ಏನಿದೆ ನೋಡಿ. ಒಂದು ಕೋಣೆ, ಕುರ್ಚಿ, ಕರಿಹಲಗೆ, ಒಂದು ಲೋಟ ಕಾಫಿ. ಕಷ್ಟವಾದದ್ದು ಅದಲ್ಲ. ಈ ವಾರ ಮಳೆ, ಮುಂದಿನ ವಾರ ಹಬ್ಬ, ಆಮೇಲೆ ಪರೀಕ್ಷೆ ಎಂದು ಬಿಡದೆ ನಡೆಸಿಕೊಂಡು ಹೋಗುವುದು ಕಷ್ಟ. ನಮ್ಮ ಊರುಗಳಲ್ಲಿ ಸಂಘ ಕಟ್ಟುವುದಕ್ಕೆ ನಾವು ನಿಸ್ಸೀಮರು. ಉದ್ಘಾಟನೆಗೆ ಶಾಮಿಯಾನ, ಮೈಕು, ಹಾರ ಎಲ್ಲ ಇರುತ್ತದೆ. ಮೂರನೆಯ ಸಭೆಗೆ ಕಾರ್ಯದರ್ಶಿ ಒಬ್ಬರೇ ಬೀಗ ತೆಗೆದು ಕೂತಿರುತ್ತಾರೆ. ಎಚ್ಚೆನ್ ಆ ಬೀಗ ತೆಗೆಯುವ ಕಾರ್ಯದರ್ಶಿಯ ಜಾತಿಯವರು.

ವಿಜ್ಞಾನ ಒಂದೇ ಸಾಕು ಎಂದವರೂ ಅಲ್ಲ. ಅದೇ ಆವರಣದಲ್ಲಿ ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿ ಸಂಗೀತ, ನಾಟಕಕ್ಕೂ ಜಾಗ ಮಾಡಿದರು. ಮಕ್ಕಳ ಬೆಳವಣಿಗೆ ಎಂದರೆ ಅಂಕಪಟ್ಟಿ ಮಾತ್ರ ಅಲ್ಲ ಎನ್ನುವುದನ್ನು ಅವರು ಭಾಷಣದಲ್ಲಿ ಹೇಳಿ ಬಿಡಲಿಲ್ಲ. ಸಂಜೆಯ ಹೊತ್ತು ಬಾಗಿಲು ತೆರೆದಿಟ್ಟು ತೋರಿಸಿದರು.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1977ರವರೆಗೆ ಆ ಹುದ್ದೆಯಲ್ಲಿದ್ದರು. ಹುದ್ದೆ ದೊಡ್ಡದಾಯಿತು, ವಾಸ ಮಾತ್ರ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಕೋಣೆಯಲ್ಲಿಯೇ. ಅವರು ಮದುವೆಯಾಗಲಿಲ್ಲ. ಮನೆ ಕಟ್ಟಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅವರ ಬದುಕು ಆ ಕೋಣೆಯ ಸುತ್ತಲೇ ನಡೆಯಿತು. ಹುಡುಗರು ರಾತ್ರಿ ಎಷ್ಟು ಹೊತ್ತಿಗೆ ಬಂದು ಬಾಗಿಲು ತಟ್ಟಿದರೂ ಮೇಷ್ಟ್ರು ಸಿಗುವ ಜಾಗ ಅದು. ಎಲ್ಲ ಶಿಕ್ಷಕರೂ ಹೀಗೆ ಬದುಕಬೇಕೆಂದು ನಾನು ಹೇಳುವುದಿಲ್ಲ, ನಿಮಗೆಲ್ಲ ಸಂಸಾರವಿದೆ, ಬೇರೆ ಊರಿನಿಂದ ಬಸ್ಸು ಹಿಡಿದು ಬರುತ್ತೀರಿ. ಆದರೆ ಮಕ್ಕಳಿಗೆ ಮೇಷ್ಟ್ರು ಹತ್ತಿರದಲ್ಲಿ ಸಿಗಬೇಕು ಎನ್ನುವುದು ಮಾತ್ರ ಎಲ್ಲ ಕಾಲಕ್ಕೂ ನಿಜ.

ಹಿರಿಯರಿಗೆ ಅವರ ಹೆಸರು ಹೇಳಿದ ಕೂಡಲೇ ನೆನಪಾಗುವುದು 1976ರ ಪವಾಡ ಸಮಿತಿ. ಕುಲಪತಿಯಾಗಿದ್ದಾಗ ಅವರು ಪವಾಡಗಳನ್ನು ಮತ್ತು ಪರೀಕ್ಷಿಸಲು ಸಾಧ್ಯವಾದ ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಅವರೇ ಅಧ್ಯಕ್ಷರು. ನಮ್ಮ ಪಾವಗಡದ ಗಡಿ ದಾಟಿದರೆ ದೂರವಿಲ್ಲದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ ಪತ್ರ ಬರೆದು, ನಾವು ಹೇಳುವ ನಿಬಂಧನೆಗಳಲ್ಲಿ ತೋರಿಸಬಹುದೇ ಎಂದು ಕೇಳಿದರು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ದೊಡ್ಡ ಗದ್ದಲವಾಯಿತು. ಪರವಾಗಿ, ವಿರುದ್ಧವಾಗಿ ಪತ್ರಿಕೆಗಳಲ್ಲಿ ಬಹಳ ಚರ್ಚೆ ನಡೆಯಿತು. ಈ ಸಭೆಯಲ್ಲಿ ಭಕ್ತರೂ ಇದ್ದೀರಿ, ನನ್ನ ಮನೆಯಲ್ಲಿಯೂ ಇದ್ದಾರೆ. ಯಾರ ಮನಸ್ಸನ್ನೂ ನೋಯಿಸುವುದು ನನ್ನ ಉದ್ದೇಶವಲ್ಲ. ಮಕ್ಕಳು ಗಮನಿಸಬೇಕಾದದ್ದು ಒಂದೇ. ಅವರು ಯಾರನ್ನೂ ಸುಳ್ಳುಗಾರ ಎಂದು ಮೊದಲೇ ತೀರ್ಮಾನಿಸಿ ಹೊರಡಲಿಲ್ಲ. ಪರೀಕ್ಷೆ ಮಾಡೋಣ, ಕಂಡದ್ದನ್ನು ಒಪ್ಪೋಣ ಎಂದರು. ಅದು ಪ್ರಯೋಗಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು ದಿನವೂ ಮಾಡುವ ಕೆಲಸವೇ.

ಇನ್ನೊಂದು ಸಂಗತಿ ಹೇಳಬೇಕು. ಅದೇ 1976ರಲ್ಲಿ ನಮ್ಮ ಸಂವಿಧಾನಕ್ಕೆ 42ನೇ ತಿದ್ದುಪಡಿ ಆಯಿತು. ಅದರಲ್ಲಿ ಪ್ರಜೆಗಳ ಮೂಲಭೂತ ಕರ್ತವ್ಯಗಳು ಸೇರಿದವು. 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣವನ್ನು ಬೆಳೆಸಿಕೊಳ್ಳುವುದೂ ಒಂದು ಕರ್ತವ್ಯ ಎಂದಿದೆ. ಸಮಾಜ ವಿಜ್ಞಾನದ ಪಾಠದಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತೀರಲ್ಲ, ಅದೇ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂಬುದು ಎಚ್ಚೆನ್ ಅವರ ಬದುಕಿನ ಸೂತ್ರವಾಗಿತ್ತು.

ಪ್ರಶ್ನೆ ಕೇಳುವುದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಗೊತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಗೇಲಿ ಮಾಡದೆ ಎಲ್ಲ ಪ್ರಶ್ನೆಗೂ ನಿಂತು ಉತ್ತರ ಹೇಳುತ್ತಿದ್ದರು. ಬಿ.ಇ. ಮೊದಲ ವರ್ಷದಲ್ಲಿ ಒಂದು ದಿನ ನಾನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದೆ. ತರಗತಿ ನಕ್ಕಿತು. ಪಾಠ ಮಾಡುತ್ತಿದ್ದವರೂ ನಕ್ಕರು. ಆ ವರ್ಷ ಪೂರ್ತಿ ನಾನು ಕೈ ಎತ್ತಲಿಲ್ಲ. ಹಳ್ಳಿ ಶಾಲೆಯಿಂದ ಹೋದ ಎಷ್ಟೋ ಜನರ ಅನುಭವ ಇದೇ. ಅವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಪ್ರಶ್ನೆ ಬಾಯಿಗೆ ಬರುವ ಮೊದಲೇ ಭಾಷೆಯ ಭಯ ಬಂದು ಕೂರುತ್ತದೆ. ಆಮೇಲೆ ಕೆಲಸಕ್ಕೆ ಸೇರಿದಾಗ ನನಗೆ ಆಶ್ಚರ್ಯವಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಪ್ರಶ್ನೆ ಕೇಳಿದ ಮೇಲೆಯೇ ಅದು ಮುಂದೆ ಹೋಗುವುದು. ಹದಿನೈದು ವರ್ಷ ಅನುಭವ ಇರುವವರ ಕೋಡನ್ನು ನಿನ್ನೆ ಸೇರಿದ ಹುಡುಗಿ ಪ್ರಶ್ನಿಸಬಹುದು. ಪ್ರಶ್ನಿಸದೆ ಬಿಟ್ಟರೆ ಅದು ಅವಳ ಕೆಲಸದಲ್ಲಿ ಲೋಪ. ಅಂದರೆ ಅಲ್ಲಿ ಸಂಬಳ ಕೊಡುವುದೇ ಪ್ರಶ್ನೆಗೆ.

ಇದು ನಮ್ಮ ಊರಿನ ಬದುಕಿಗೆ ಹೇಗೆ ಬರುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಶಾಲೆಗೆ ಬಂದಿದ್ದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ‘ಅಣ್ಣಾ, ನೀರು ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುತ್ತಾ? ನಮ್ಮಜ್ಜಿ ಹೋಗುತ್ತೆ ಅಂತಾರೆ’ ಎಂದು ಕೇಳಿದಳು. ಇದು ಎಂಥ ಒಳ್ಳೆಯ ಪ್ರಶ್ನೆ ಎಂದರೆ, ನಮ್ಮ ನಾಲ್ಕು ತಾಲ್ಲೂಕಿನಲ್ಲಿ, ಅದರಲ್ಲೂ ಪಾವಗಡದ ಕಡೆ, ಇದಕ್ಕಿಂತ ಮುಖ್ಯವಾದ ವಿಜ್ಞಾನದ ಪ್ರಶ್ನೆ ಹುಡುಕುವುದು ಕಷ್ಟ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕಾಯಿಸಿದಾಗ ಸಾಯುವುದು ರೋಗಾಣು. ಫ್ಲೋರೈಡ್ ಉಪ್ಪಿನ ಹಾಗೆ ನೀರಿನಲ್ಲಿ ಕರಗಿರುವ ಪದಾರ್ಥ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಅಜ್ಜಿ ಹೇಳಿದ್ದು ಪೂರ್ತಿ ತಪ್ಪಲ್ಲ. ಭೇದಿಗೆ ಸರಿ, ಫ್ಲೋರೈಡಿಗೆ ಅಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನಮ್ಮ ಬಂಡೆಗಳಲ್ಲಿಯೇ ಫ್ಲೋರೈಡ್ ಇರುವ ಖನಿಜಗಳಿವೆ. ಕೊಳವೆಬಾವಿಯ ನೀರು ಆ ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ.

ದೇಹದೊಳಗೆ ಏನಾಗುತ್ತದೆ? ಮಕ್ಕಳ ಶಾಶ್ವತ ಹಲ್ಲಿನ ಹೊರಪದರ ಒಸಡಿನೊಳಗೆ ಸಿದ್ಧವಾಗುವುದು ಸುಮಾರು ಎಂಟು ವರ್ಷದ ಒಳಗೆ. ಆ ಕಾಲದಲ್ಲಿ ಹೆಚ್ಚು ಫ್ಲೋರೈಡ್ ಹೋದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬೀಳುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಅಂಟಿದ ಕೊಳೆಯಲ್ಲ. ವರ್ಷಗಟ್ಟಲೆ ಕುಡಿಯುತ್ತಾ ಹೋದರೆ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಕೀಲು, ಬೆನ್ನು ಬಿಗಿಯುತ್ತವೆ. ಬಗ್ಗಲಾಗದೆ ಕಷ್ಟಪಡುವ ಹಿರಿಯರನ್ನು ನಾವು ಕಂಡಿದ್ದೇವೆ.

ಈಗ ಹೇಳಿ, ಇದು ಗೊತ್ತಿಲ್ಲದೆ ಎಷ್ಟು ಮಕ್ಕಳು ಕೈ ಅಡ್ಡ ಹಿಡಿದು ನಗುತ್ತಾರೆ? ಹಲ್ಲು ಉಜ್ಜುವುದಿಲ್ಲ ಎಂದು ಬೈಸಿಕೊಂಡಿದ್ದಾರೆ? ಎಷ್ಟು ಸಂಬಂಧಗಳು ತಪ್ಪಿವೆ? ಆ ಹುಡುಗಿ ಕೇಳಿದ ಒಂದು ಪ್ರಶ್ನೆಯಿಂದ ಅವಳ ಮನೆಯವರು ಈಗ ಕುಡಿಯಲು, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ಕ್ಯಾನು ತರುತ್ತಿದ್ದಾರೆ. ವೈಜ್ಞಾನಿಕ ಮನೋಭಾವ ಎಂಬ ದೊಡ್ಡ ಮಾತಿಗೆ ನನಗೆ ತಿಳಿದ ಅರ್ಥ ಇದು. ಅದು ಅಜ್ಜಿಯ ಜೊತೆ ಜಗಳವಲ್ಲ. ಅಜ್ಜಿಗೆ ಬೆನ್ನು ನೋವು ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು.

ಮತ್ತೆ ಎಚ್ಚೆನ್ ಅವರಿಗೆ ಬರುತ್ತೇನೆ. ಅವರು ಬೆಂಗಳೂರಿನಲ್ಲಿಯೇ ಉಳಿದು ತಮ್ಮ ಸೀಮೆಯನ್ನು ಮರೆಯಲಿಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮೂಲಕ ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜು ತಂದರು. ಬಾಗೇಪಲ್ಲಿ ಎಂದರೆ ನಮ್ಮ ಪಾವಗಡದ ಹಾಗೆಯೇ ಆಂಧ್ರದ ಗಡಿಗೆ ಅಂಟಿಕೊಂಡ, ತೆಲುಗು ಕನ್ನಡ ಎರಡೂ ಆಡುವ, ಮಳೆ ಕಡಿಮೆಯ ತಾಲ್ಲೂಕು. ತಾವು ನಡೆದ ದಾರಿಯನ್ನು ಮುಂದಿನ ಮಕ್ಕಳು ನಡೆಯಬಾರದು ಎಂದು ದಾರಿಯನ್ನೇ ಚಿಕ್ಕದು ಮಾಡಿದರು. 1984ರಲ್ಲಿ ಬಂದ ಪದ್ಮಭೂಷಣಕ್ಕಿಂತ ಇದು ದೊಡ್ಡದು ಎಂದು ನನ್ನ ಭಾವನೆ. ಅವರ ಆತ್ಮಕಥೆ ‘ಹೋರಾಟದ ಹಾದಿ’ ಮತ್ತು ಲೇಖನಗಳ ಪುಸ್ತಕ ‘ತೆರೆದ ಮನ’ ಎರಡನ್ನೂ ನಮ್ಮ ಬ್ಯಾಚಿನ ಪರವಾಗಿ ಶಾಲೆಯ ಗ್ರಂಥಾಲಯಕ್ಕೆ ಇಂದು ಕೊಡುತ್ತಿದ್ದೇವೆ. ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ ಎಂದು ಮಕ್ಕಳ ಪರವಾಗಿ ಮುಖ್ಯೋಪಾಧ್ಯಾಯರಲ್ಲಿ ವಿನಂತಿ.

ಈಗ ಮೊದಲು ಬಾಕಿ ಉಳಿಸಿದ್ದ ಎರಡನೆಯ ಕಾರಣ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಒಂದು ಸ್ವಾಗತ ಕಮಾನು ಕಟ್ಟಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಮಾತು ನಡೆಯುತ್ತಿದೆ. ವಾಟ್ಸ್‌ಆಪ್ ಗುಂಪಿನಲ್ಲಿ ಅದರ ನಕ್ಷೆಯೂ ಬಂದಿದೆ. ಕಮಾನು ಬೇಕು ಎನ್ನುವ ಅಣ್ಣಂದಿರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಧಿಗೆ ಮೊದಲು ಹಣ ಹಾಕಿದವರು, ಊರೂರು ತಿರುಗಿ ಹಣ ಎತ್ತಿದವರು ಅವರೇ. ಆದರೂ ಪ್ರಶ್ನೆ ಕೇಳಬೇಕು ಎಂದು ಇಷ್ಟು ಹೊತ್ತು ಭಾಷಣ ಮಾಡಿದ ಮೇಲೆ ನಾನೇ ಕೇಳದಿದ್ದರೆ ಹೇಗೆ? ಕಮಾನಿನ ಕೆಳಗೆ ಯಾರು ಹಾದು ಬರುತ್ತಾರೆ? ನಮ್ಮ ಕಾಲದಲ್ಲಿ ಒಂದು ತರಗತಿಗೆ ಎರಡು ವಿಭಾಗ ಇದ್ದವು. ಈಗ ಒಂದು ವಿಭಾಗದಲ್ಲಿಯೇ ಬೆಂಚುಗಳು ಖಾಲಿ. ಇರುವ ಮಕ್ಕಳಲ್ಲಿ ಎಸ್ಸೆಸ್ಸೆಲ್ಸಿ ನಂತರ ವಿಜ್ಞಾನ ತೆಗೆದುಕೊಳ್ಳುವವರು ಬೆರಳೆಣಿಕೆ.

ಇಂದು ಬಡ ಮಗು 80 ಕಿಲೋಮೀಟರು ನಡೆಯಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಬಸ್ ಪಾಸಿದೆ, ಸರ್ಕಾರಿ ಬಸ್ಸು ಬರುವ ಊರಿನ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡೇ ಬೇಡ. ಬಿಸಿಯೂಟವಿದೆ. ಸರ್ಕಾರ ಕೊಡಬಹುದಾದದ್ದು ಕೊಡುತ್ತಿದೆ. ಇಲ್ಲದಿರುವುದು ದಾರಿಯ ತುದಿಯಲ್ಲಿ ಕಾಯುವ ಆ ನಾರಾಯಣರಾವ್ ಮೇಷ್ಟ್ರಂಥ ಒಬ್ಬರು. ಪಿ.ಯು.ಸಿ.ಗೆ ತುಮಕೂರಿಗೆ ಹೋದ ಮಗುವಿಗೆ ಮೊದಲ ಮೂರು ತಿಂಗಳು ಇಂಗ್ಲಿಷಿನ ಪಾಠ ತಲೆಗೆ ಹೋಗದೆ ಇದ್ದಾಗ ಫೋನು ಮಾಡಿ ಕೇಳಲು ಒಬ್ಬರು. ಸಂಜೆ ಕರೆಂಟು ಇರುವ, ಗಲಾಟೆ ಇಲ್ಲದ ಒಂದು ಕೋಣೆ.

ಆದ್ದರಿಂದ ಸಭೆಯ ಮುಂದೆ ನನ್ನ ಸಲಹೆ ಮೂರು. ಒಂದು, ಬೀಗ ಬಿದ್ದಿರುವ ಹಳೆಯ ಕೊಠಡಿಯನ್ನು ದುರಸ್ತಿ ಮಾಡಿಸಿ ಸಂಜೆಯ ಓದಿನ ಕೋಣೆ ಮತ್ತು ಪ್ರಯೋಗಾಲಯ ಮಾಡೋಣ. ಎರಡು, ಇಲ್ಲಿಂದ ಹೋಗಿ ವಿಜ್ಞಾನ ತೆಗೆದುಕೊಳ್ಳುವ ಪ್ರತಿ ಮಗುವಿಗೂ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಎರಡು ವರ್ಷಕ್ಕೆ ಜೊತೆ ಮಾಡೋಣ; ಹಾಸ್ಟೆಲ್ ಸಿಗದವರಿಗೆ ಬಾಡಿಗೆಗೆ ನಿಧಿಯಿಂದ ನೆರವಾಗೋಣ. ಮೂರು, ಬೆಂಗಳೂರಿನ ಆ ಬುಧವಾರವನ್ನು ನಮ್ಮೂರಿಗೆ ತರೋಣ. ವಾರಕ್ಕೊಂದು ನಮ್ಮಿಂದ ಆಗದು. ತಿಂಗಳಿಗೆ ಒಂದು ಶನಿವಾರ ಸಾಕು, ಶಾಲೆ ಬಿಟ್ಟ ಮೇಲೆ. ಡಾಕ್ಟರು, ಕೃಷಿ ವಿಜ್ಞಾನಿ, ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಎಂಜಿನಿಯರು, ನಮ್ಮ ಊರಿನ ಕೊಳವೆಬಾವಿ ಕೊರೆಯುವವರು, ಯಾರು ಬೇಕಾದರೂ ಬಂದು ಮಾತಾಡಲಿ. ಮಾತು ಕನ್ನಡದಲ್ಲಿರಲಿ. ಅರ್ಧ ಹೊತ್ತು ಉಪನ್ಯಾಸ, ಅರ್ಧ ಹೊತ್ತು ಮಕ್ಕಳ ಪ್ರಶ್ನೆ. ಊರಿನವರೂ ಬಂದು ಕೂರಲಿ.

ಇಷ್ಟಾದ ಮೇಲೆ ಹಣ ಉಳಿದರೆ ಕಮಾನೂ ಆಗಲಿ, ನಾನೇ ಬಂದು ಕಲ್ಲು ಹೊರುತ್ತೇನೆ. ತೀರ್ಮಾನ ಸಭೆಯದು, ಹಿರಿಯರದು. ಸಭೆ ಏನೇ ತೀರ್ಮಾನಿಸಿದರೂ ಮೊದಲನೆಯ ಉಪನ್ಯಾಸದ ವ್ಯವಸ್ಥೆಯನ್ನು ನಮ್ಮ ಬ್ಯಾಚಿನವರು ವಹಿಸಿಕೊಂಡಿದ್ದೇವೆ. ಮುಖ್ಯೋಪಾಧ್ಯಾಯರು ಮುಂದಿನ ತಿಂಗಳ ಮೊದಲ ಶನಿವಾರಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ವಿಷಯ, ನಮ್ಮ ನೀರು. ಮಕ್ಕಳೇ, ಅಂದು ನಿಮ್ಮ ನಿಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಒಂದೊಂದು ಚಿಕ್ಕ ಬಾಟಲಿಯಲ್ಲಿ ತನ್ನಿ. ಬಾಟಲಿಯ ಮೇಲೆ ಹೆಸರು, ಊರು, ಬೋರ್‌ವೆಲ್ಲೋ ನಲ್ಲಿಯೋ ಘಟಕವೋ ಎಂದು ಬರೆದು ಅಂಟಿಸಿ. ಪರೀಕ್ಷೆ ಮಾಡುವ ಸಾಮಾನು ನಾವು ತರುತ್ತೇವೆ, ಪರೀಕ್ಷೆ ನೀವೇ ಮಾಡುತ್ತೀರಿ. ಬರುವಾಗ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನೂ ತನ್ನಿ. ಯಾರೂ ನಗುವುದಿಲ್ಲ.